ಹದಿನೈದು ಕೊಡುತ್ತಿದ್ದ ಹಳೇ ಕಾರು ಹನ್ನೆರಡಕ್ಕೆ ಇಳಿದಾಗ

ನಮ್ಮ ಮನೆಯ ಕಾರು 2011ರದು. ಸಣ್ಣ ಪೆಟ್ರೋಲ್ ಕಾರು. 1.1 ಲೀಟರ್ ಎಂಜಿನ್, 35 ಲೀಟರ್ ಟ್ಯಾಂಕ್. ಕೊಂಡದ್ದು ಬೆಂಗಳೂರಿನಲ್ಲಿ, ಈಗ ಓಡುತ್ತಿರುವುದು ಮೈಸೂರಿನಲ್ಲಿ. ಅಪ್ಪನಿಗೆ ಒಂದು ಅಭ್ಯಾಸವಿದೆ. ಪೆಟ್ರೋಲ್ ಹಾಕಿಸಿದಾಗಲೆಲ್ಲ ತಾರೀಕು, ಕಿಲೋಮೀಟರ್, ಲೀಟರ್, ರೂಪಾಯಿ ಇಷ್ಟನ್ನೂ ಒಂದು ಪುಟ್ಟ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ. ಗ್ಯಾರೇಜಿಗೆ ಕೊಟ್ಟ ಹಣವೂ ಅದರಲ್ಲೇ. ಪುಸ್ತಕ ಕಾರಿನ ಡ್ರಾಯರ್‌ನಲ್ಲಿ ಇರುತ್ತದೆ. ನಾನು ಎಷ್ಟೋ ಸಲ ಅದನ್ನು ನೋಡಿ ನಕ್ಕಿದ್ದೇನೆ.

2025ರ ಮೇ ತಿಂಗಳಲ್ಲಿ ಕಾರು ಯದ್ವಾತದ್ವಾ ಪೆಟ್ರೋಲ್ ಕುಡಿಯಲು ಶುರು ಮಾಡಿತು. ಲೀಟರಿಗೆ 15 ಕಿಲೋಮೀಟರ್ ಕೊಡುತ್ತಿದ್ದದ್ದು 12ಕ್ಕೆ ಬಂತು. ಕೇಳಲು ಮೂರೇ ಕಿಲೋಮೀಟರ್. ಆದರೆ ನಾವು ತಿಂಗಳಿಗೆ 900 ಕಿಲೋಮೀಟರ್ ಓಡಿಸುತ್ತೇವೆ. 60 ಲೀಟರ್ ಸಾಕಾಗುತ್ತಿದ್ದಲ್ಲಿ 75 ಲೀಟರ್ ಬೇಕಾಯಿತು. ಲೀಟರಿಗೆ ನೂರು ರೂಪಾಯಿ ದಾಟಿರುವಾಗ ತಿಂಗಳಿಗೆ ಸಾವಿರದೈನೂರು ರೂಪಾಯಿ ಸುಮ್ನೆ ಹೊಗೆಯಾಗಿ ಹೋದ ಹಾಗೆ.

ಕೇಳಿದವರೆಲ್ಲ ಒಂದೊಂದು ಹೇಳಿದರು. ಪ್ಲಗ್ ಬದಲಾಯಿಸಿ. ಏರ್ ಫಿಲ್ಟರ್ ಹಾಕಿಸಿ. ಇಂಜೆಕ್ಟರ್ ಕ್ಲೀನ್ ಮಾಡಿಸಿ. ಆಕ್ಸಿಜನ್ ಸೆನ್ಸರ್ ಹೋಗಿದೆ. ಎಥೆನಾಲ್ ಪೆಟ್ರೋಲ್ ಬಂದ ಮೇಲೆ ಎಲ್ಲರದ್ದೂ ಇದೇ ಗೋಳು ಬಿಡಿ. ಇವನ್ನೆಲ್ಲ ಒಂದೊಂದಾಗಿ ಬದಲಾಯಿಸುತ್ತ ಹೋಗಿದ್ದರೆ ಏಳೆಂಟು ಸಾವಿರ ಖರ್ಚಾಗುತ್ತಿತ್ತು, ಮೈಲೇಜ್ ಮಾತ್ರ ಏರುತ್ತಿರಲಿಲ್ಲ. ಯಾಕೆಂದರೆ ತೊಂದರೆಗೆ ಕಾರಣವಾದ ಭಾಗ ಕಾರಿನಲ್ಲಿ ಇರಲೇ ಇಲ್ಲ.

ನಾನು ಹುಡುಕಿದ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಪೆಟ್ರೋಲ್ ಇಂಜೆಕ್ಷನ್ ಇರುವ, ಅಂದರೆ ಕಂಪ್ಯೂಟರ್ ಅಳೆದು ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವ ಹಳೇ ಕಾರುಗಳಿಗೆ ಇದು ಹೊಂದುತ್ತದೆ. ಕಾರ್ಬುರೇಟರ್ ಕಾರು ಮತ್ತು ಡೀಸೆಲ್ ಕಾರಿನ ಲೆಕ್ಕ ಬೇರೆ.

ಮೊದಲು ಲೆಕ್ಕ ಸರಿ ಮಾಡಿ

"ಐನೂರು ರೂಪಾಯಿಗೆ ಹಾಕಿಸಿದೆ, ಮುಳ್ಳು ಬೇಗ ಇಳಿಯಿತು" ಎನ್ನುವುದು ಮೈಲೇಜ್ ಲೆಕ್ಕವಲ್ಲ. ಹಳೇ ಕಾರಿನ ಪೆಟ್ರೋಲ್ ಮುಳ್ಳನ್ನು ಯಾರೂ ನಂಬಬಾರದು. ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್ ಒಂದೇ ದಾರಿ.

ಬಂಕಿನಲ್ಲಿ ನೋಝಲ್ ತಾನಾಗಿ ಕಟ್ ಆಗುವವರೆಗೆ ತುಂಬಿಸಿ. ಅಲ್ಲಿಗೆ ನಿಲ್ಲಿಸಿ. ಹುಡುಗ ರೌಂಡ್ ಫಿಗರ್ ಮಾಡಲು ಮತ್ತೆ ಒತ್ತಿದರೆ ಬೇಡ ಅನ್ನಿ. ಓಡೋಮೀಟರ್ ಅಂಕಿ ಬರೆದುಕೊಳ್ಳಿ. ಕನಿಷ್ಠ ಮುನ್ನೂರು ಕಿಲೋಮೀಟರ್ ಓಡಿಸಿ. ಆಮೇಲೆ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಮೊದಲ ಕಟ್‌ವರೆಗೆ. ನಮ್ಮದು 1,04,212ರಿಂದ 1,04,598ಕ್ಕೆ ಬಂದಿತ್ತು. ಅಂದರೆ 386 ಕಿಲೋಮೀಟರ್. ಹಿಡಿದದ್ದು 31.8 ಲೀಟರ್. ಭಾಗಿಸಿದರೆ 12.1. ಒಂದು ಟ್ಯಾಂಕ್ ನೋಡಿ ತೀರ್ಮಾನಕ್ಕೆ ಬರಬೇಡಿ. ಎರಡು ಟ್ಯಾಂಕ್ ನೋಡಿ.

ಬಂಕಿನ ಅಳತೆ ಮೇಲೆ ಅನುಮಾನವಿದ್ದರೆ ಅದನ್ನೂ ಬಗೆಹರಿಸಿಕೊಳ್ಳಬಹುದು. ಪ್ರತಿ ಬಂಕಿನಲ್ಲೂ ಕಾನೂನು ಮಾಪನಶಾಸ್ತ್ರ ಇಲಾಖೆ ಮುದ್ರೆ ಹಾಕಿದ 5 ಲೀಟರ್ ಅಳತೆ ಪಾತ್ರೆ ಇಟ್ಟಿರಲೇಬೇಕು. ಗ್ರಾಹಕ ಕೇಳಿದರೆ ಅದರಲ್ಲಿ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿಲಿಲೀಟರ್ ಆಚೆ ಈಚೆ ಆಗಬಹುದು, ಅದಕ್ಕಿಂತ ಜಾಸ್ತಿ ಆಗಬಾರದು. ನಾನು ಸಂಕೋಚದಿಂದಲೇ ಕೇಳಿದೆ. ಅಳೆದು ತೋರಿಸಿದರು. ಸರಿಯಾಗಿತ್ತು.

ಇನ್ನೊಂದು ಮೋಸ ಟೈರಿನದು. ದೊಡ್ಡ ಟೈರ್ ಹಾಕಿಸಿದರೆ ಓಡೋಮೀಟರ್ ಕಡಿಮೆ ತೋರಿಸುತ್ತದೆ. ಉದಾಹರಣೆಗೆ 155/65 ಆರ್14 ಇದ್ದಲ್ಲಿ 165/70 ಆರ್14 ಹಾಕಿದರೆ ಚಕ್ರದ ಎತ್ತರ ಸುಮಾರು 557 ಮಿಲಿಮೀಟರ್‌ನಿಂದ 587ಕ್ಕೆ ಏರುತ್ತದೆ. ಕಾರು ನಿಜವಾಗಿ 105 ಕಿಲೋಮೀಟರ್ ಹೋದಾಗ ಮೀಟರ್ 100 ಅನ್ನುತ್ತದೆ. ಮೈಲೇಜ್ ಶೇಕಡಾ 5ರಷ್ಟು ಬಿದ್ದ ಹಾಗೆ ಕಾಣುತ್ತದೆ, ಅಷ್ಟೂ ಬಿದ್ದಿರುವುದಿಲ್ಲ. ಟೈರ್ ಬದಲಾಯಿಸಿದ ಮೇಲೆ ಮೈಲೇಜ್ ಹೋಯಿತು ಅನ್ನುವವರು ಮೊದಲು ಟೈರಿನ ಪಕ್ಕದ ಅಂಕಿ ಓದಿ.

ನಿಧಾನಕ್ಕೆ ಇಳಿಯಿತಾ, ಒಂದೇ ಸಲ ಬಿತ್ತಾ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಸ್ಕ್ಯಾನರ್ ಕೊಳ್ಳುವ ಮೊದಲು ಇದಕ್ಕೆ ಉತ್ತರ ಹುಡುಕಿ.

ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿದಿದ್ದರೆ ಸವೆತ, ಟೈರ್, ಇಂಧನ, ಟ್ರಾಫಿಕ್ಕು ಇವುಗಳ ಕಡೆ ನೋಡಬೇಕು. ಒಂದು ವಾರದಿಂದ ಇನ್ನೊಂದು ವಾರಕ್ಕೆ ಬಿದ್ದಿದ್ದರೆ ಅವತ್ತು ಏನೋ ಆಗಿದೆ. ಏನೋ ಕೆಟ್ಟಿದೆ, ಇಲ್ಲವೇ ಯಾರೋ ಏನೋ ಬಿಚ್ಚಿದ್ದಾರೆ.

ಅಪ್ಪನ ಪುಸ್ತಕ ತೆಗೆದು ಎಲ್ಲ ಅಂಕಿಗಳನ್ನೂ ಫೋನಿನಲ್ಲಿ ಟೈಪ್ ಮಾಡಿದೆ. ಅರ್ಧ ಭಾನುವಾರ ಹೋಯಿತು. ಆದರೆ ಚಿತ್ರ ಸ್ಪಷ್ಟವಾಯಿತು. 2019ರಲ್ಲಿ ಸರಾಸರಿ 16ರ ಆಸುಪಾಸು. 2024ರ ಕೊನೆಗೆ 15. ಅದು ನಿಧಾನದ ಇಳಿತ. ಆಮೇಲೆ 2025ರ ಮೇ ಮೊದಲ ವಾರದಲ್ಲಿ 12.3. ಅಲ್ಲಿಂದ ಮೇಲೆ ಏರಲೇ ಇಲ್ಲ.

ಆ 12.3ರ ಮೇಲಿನ ಸಾಲಿನಲ್ಲಿ ಅಪ್ಪನ ಅಕ್ಷರದಲ್ಲಿ ಹೀಗಿತ್ತು: "ಏಪ್ರಿಲ್ 28. ಹೀಟಿಂಗ್ ಕೆಲಸ, ಹ್ಯಾಂಡ್‌ಬ್ರೇಕ್ ಟೈಟ್. 1,850 ರೂ."

ಆಗ ನೆನಪಾಯಿತು. ಏಪ್ರಿಲ್ ಬಿಸಿಲಿನಲ್ಲಿ ಸಿಗ್ನಲ್ ಹತ್ತಿರ ಕಾರು ಹೀಟ್ ಆಗಿ ನಿಂತಿತ್ತು. ಹತ್ತಿರದ ಗ್ಯಾರೇಜಿನಲ್ಲಿ ಸರಿ ಮಾಡಿಕೊಟ್ಟಿದ್ದರು. ಆಮೇಲೆ ಒಂದು ದಿನವೂ ಹೀಟ್ ಆಗಲಿಲ್ಲ. ಕೆಲಸ ಚೆನ್ನಾಗಿ ಮಾಡಿದ್ದಾರೆ ಅಂತಲೇ ನಾವು ಅಂದುಕೊಂಡಿದ್ದೆವು.

ನಿಮ್ಮಲ್ಲಿ ಇಂಥ ಪುಸ್ತಕ ಇಲ್ಲದಿದ್ದರೆ ಯುಪಿಐ ಹಿಸ್ಟರಿ ತೆಗೆಯಿರಿ. ಬಂಕಿಗೆ ಎಷ್ಟು ದಿನಕ್ಕೊಮ್ಮೆ ಎಷ್ಟು ಕೊಟ್ಟಿದ್ದೀರಿ, ಗ್ಯಾರೇಜಿಗೆ ಯಾವತ್ತು ಕೊಟ್ಟಿದ್ದೀರಿ ಎಲ್ಲ ಅದರಲ್ಲಿ ಇರುತ್ತದೆ.

ಕಾರು ಹಗುರವಾಗಿ ಉರುಳುತ್ತದಾ?

ಎಂಜಿನ್ ಮುಟ್ಟುವ ಮೊದಲು ಚಕ್ರ ನೋಡಿ. ಖರ್ಚಿಲ್ಲದ ಕೆಲಸ.

ಟೈರ್ ಗಾಳಿಯನ್ನು ಬೆಳಿಗ್ಗೆ, ಕಾರು ತಣ್ಣಗಿರುವಾಗ ನೋಡಿಸಿ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಎಷ್ಟಿರಬೇಕು ಅಂತ ಬರೆದಿರುತ್ತದೆ. ನಮ್ಮದರಲ್ಲಿ 30 ಪಿಎಸ್‌ಐ. ಇದ್ದದ್ದು 26, 25, 27, 22. ಸರಿ ಮಾಡಿದೆ. ಆದರೆ ನಾಲ್ಕೈದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಶೇಕಡಾ ಒಂದರ ಆಸುಪಾಸು ಹೋಗುತ್ತದೆ, ಶೇಕಡಾ ಇಪ್ಪತ್ತು ಹೋಗುವುದಿಲ್ಲ. ಗಾಳಿ ಹಿಡಿಸಿ ಮನೆಗೆ ಬಂದು ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ.

ಬ್ರೇಕ್ ಹಿಡಿದುಕೊಂಡಿರುವುದು ಇದಕ್ಕಿಂತ ದೊಡ್ಡ ಕಳ್ಳ. ಹಳೇ ಕಾರಿನಲ್ಲಿ ಮುಂದಿನ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್‌ಗಳಲ್ಲಿ ಗ್ರೀಸ್ ಒಣಗಿ ಪ್ಯಾಡ್ ಹಿಂದೆ ಸರಿಯುವುದಿಲ್ಲ. ಹಿಂದೆ ಹ್ಯಾಂಡ್‌ಬ್ರೇಕ್ ಕೇಬಲ್ ತುಕ್ಕು ಹಿಡಿದು ಬಿಗಿಯುತ್ತದೆ. ಕಂಡುಹಿಡಿಯಲು ಮೂರು ದಾರಿ.

ಒಂದು, ಐದಾರು ಕಿಲೋಮೀಟರ್ ಆದಷ್ಟು ಬ್ರೇಕ್ ಒತ್ತದೆ ಓಡಿಸಿ ನಿಲ್ಲಿಸಿ. ಪ್ರತಿ ಚಕ್ರದ ರಿಮ್ ಹತ್ತಿರ ಅಂಗೈ ಹಿಡಿದು ಬಿಸಿ ನೋಡಿ. ಡಿಸ್ಕನ್ನು ಮುಟ್ಟಬೇಡಿ, ಸುಡುತ್ತದೆ. ಒಂದು ಚಕ್ರ ಮಾತ್ರ ಉಳಿದವಕ್ಕಿಂತ ಬಿಸಿಯಾಗಿದ್ದರೆ ಅಲ್ಲಿದೆ ವಿಷಯ.

ಎರಡು, ಜಾಕ್ ಹಾಕಿ ಎತ್ತಿ, ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಚಕ್ರವನ್ನು ಕೈಯಲ್ಲಿ ತಿರುಗಿಸಿ. ಹಿಂದಿನ ಚಕ್ರಕ್ಕೆ ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು. ಸಣ್ಣಗೆ ಸರ್ ಅನ್ನುವುದು ಸಹಜ. ತಳ್ಳಿದ ತಕ್ಷಣ ನಿಂತುಬಿಟ್ಟರೆ ಹಿಡಿಯುತ್ತಿದೆ ಎಂದರ್ಥ.

ಮೂರು, ಖಾಲಿ ಮಟ್ಟಸ ರಸ್ತೆಯಲ್ಲಿ 40ರ ವೇಗದಲ್ಲಿ ನ್ಯೂಟ್ರಲ್‌ಗೆ ಹಾಕಿ 20ಕ್ಕೆ ಇಳಿಯುವಷ್ಟರಲ್ಲಿ ಎಷ್ಟು ದೂರ ಹೋಗುತ್ತದೆ ನೋಡಿ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ. ರಸ್ತೆಯ ಏರಿಳಿತ, ಗಾಳಿ ಎರಡೂ ಸರಿದೂಗುತ್ತವೆ. ಭಾನುವಾರ ಬೆಳಿಗ್ಗೆ ಆರು ಗಂಟೆಗೆ ರಿಂಗ್ ರಸ್ತೆ ಪಕ್ಕದ ಹೊಸ ಬಡಾವಣೆಯಲ್ಲಿ ನಾನು ಇದನ್ನು ಮಾಡಿದೆ. ಸರಾಸರಿ 190 ಮೀಟರ್ ಬಂತು. ದಯವಿಟ್ಟು ಚಾಮುಂಡಿ ಬೆಟ್ಟದ ಇಳಿಜಾರಿನಲ್ಲಿ ಇದನ್ನು ಪ್ರಯೋಗಿಸಬೇಡಿ. ನ್ಯೂಟ್ರಲ್‌ನಲ್ಲಿ ಬೆಟ್ಟ ಇಳಿದರೆ ಕಾರು ಹಿಡಿತಕ್ಕೆ ಸಿಗುವುದಿಲ್ಲ.

ಹಿಂದಿನ ಎಡ ಚಕ್ರ ಬಿಸಿಯಿತ್ತು. ಹ್ಯಾಂಡ್‌ಬ್ರೇಕ್ ಎಳೆದರೆ ಎರಡೇ ಕಟಕಟಕ್ಕೆ ನಿಲ್ಲುತ್ತಿತ್ತು. ಸಾಮಾನ್ಯವಾಗಿ ಐದಾರು ಕೇಳಿಸಬೇಕು. "ಹ್ಯಾಂಡ್‌ಬ್ರೇಕ್ ಟೈಟ್" ಅಂತ ಅಪ್ಪ ಬರೆದದ್ದು ಇದೇ. ಟೈಟ್ ಜಾಸ್ತಿಯೇ ಆಗಿತ್ತು. ಕೇಬಲ್ ಸಡಿಲಿಸಿದ ಮೇಲೆ ಅದೇ ರಸ್ತೆಯಲ್ಲಿ 240 ಮೀಟರ್ ಉರುಳಿತು. ಮುಂದಿನ ಟ್ಯಾಂಕಿನಲ್ಲಿ 12.7 ಬಂತು. ಖುಷಿಯಾಯಿತು, ಆದರೆ ಇನ್ನೂ ಎರಡು ಕಿಲೋಮೀಟರಿಗಿಂತ ಜಾಸ್ತಿ ಬಾಕಿ ಇತ್ತು.

ಕ್ಲಚ್ ಜಾರುತ್ತಿದ್ದರೂ ಪೆಟ್ರೋಲ್ ಹೋಗುತ್ತದೆ. ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುವಾಗ ಪೂರ್ತಿ ಎಕ್ಸಲರೇಟರ್ ಒತ್ತಿ ನೋಡಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಮುಗಿದಿದೆ. ನಮ್ಮದರಲ್ಲಿ ಆ ತೊಂದರೆ ಇರಲಿಲ್ಲ.

ಎಂಜಿನ್ ಜಾಸ್ತಿ ಕುಡಿಯುತ್ತಿದೆಯಾ?

ಪೆಟ್ರೋಲ್ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕು. ಪೆಟ್ರೋಲ್ ಪಾಲು ಜಾಸ್ತಿಯಾದರೆ ಪೂರ್ತಿ ಉರಿಯುವುದಿಲ್ಲ, ಮಸಿ ಆಗುತ್ತದೆ. ಮೆಕ್ಯಾನಿಕ್‌ಗಳು ಇದನ್ನೇ ರಿಚ್ ಓಡುತ್ತಿದೆ ಅನ್ನುವುದು.

ಮೊದಲು ಮೂಗು, ಕಣ್ಣು ಸಾಕು. ಎಂಜಿನ್ ತಣ್ಣಗಿರುವಾಗ ಬಾನೆಟ್ ತೆಗೆದು ಮೂಸಿ ನೋಡಿ. ಹಿಂದಿನ ಸೀಟಿನ ಹತ್ತಿರ, ಕಾರಿನ ಅಡಿಯಲ್ಲೂ. ಪೆಟ್ರೋಲ್ ವಾಸನೆ ಇದ್ದರೆ ಬೇರೆಲ್ಲ ಬಿಟ್ಟು ಸೋರಿಕೆ ಹುಡುಕಿಸಿ. ಹದಿನೈದು ವರ್ಷದ ರಬ್ಬರ್ ಪೈಪು ಬಿರುಕು ಬಿಟ್ಟಿರಬಹುದು. ಅದು ಮೈಲೇಜ್ ವಿಷಯ ಮಾತ್ರವಲ್ಲ, ಬೆಂಕಿಯ ವಿಷಯ. ವಾಸನೆ ಇಲ್ಲದಿದ್ದರೆ ಸೈಲೆನ್ಸರ್ ಕೊಳವೆಯ ಒಳಗೆ ಬೆರಳಿಟ್ಟು ನೋಡಿ. ಬೂದುಬಣ್ಣವಾದರೆ ಪರವಾಗಿಲ್ಲ. ಕಾಡಿಗೆ ತರಹ ಅಂಟಿದರೆ ರಿಚ್.

ಆಮೇಲೆ ನಾಲ್ಕೂ ಪ್ಲಗ್ ಬಿಚ್ಚಿ, ಬಿಚ್ಚಿದ ಕ್ರಮದಲ್ಲೇ ಪೇಪರ್ ಮೇಲೆ ಜೋಡಿಸಿ. ಬಿಸ್ಕತ್ತಿನ ಬಣ್ಣ ಇದ್ದರೆ ಸರಿ. ಒಂದೇ ಒಂದು ಕಪ್ಪಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್, ಕಾಯಿಲ್ ಅಥವಾ ಪ್ಲಗ್ಗೇ ತಪ್ಪಿತಸ್ಥ. ನಾಲ್ಕೂ ಒಂದೇ ಸಮ ಕಪ್ಪಾಗಿದ್ದರೆ ಎಲ್ಲಕ್ಕೂ ಒಂದೇ ಕಡೆಯಿಂದ ತಪ್ಪು ಹುಕುಂ ಹೋಗುತ್ತಿದೆ. ನಮ್ಮದರಲ್ಲಿ ನಾಲ್ಕೂ ಕಪ್ಪು, ಒಣ ಮಸಿ. ಇಂಜೆಕ್ಟರ್ ಕ್ಲೀನಿಂಗ್ ಮಾತು ಅಲ್ಲಿಗೆ ಬಿಟ್ಟೆ. ನಾಲ್ಕು ಇಂಜೆಕ್ಟರ್ ಒಂದೇ ವಾರ ಒಂದೇ ಥರ ಕೆಡುತ್ತವಾ?

ಏರ್ ಫಿಲ್ಟರ್ ಬಗ್ಗೆ ಒಂದು ಮಾತು. ಕಾರ್ಬುರೇಟರ್ ಕಾಲದಲ್ಲಿ ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ನಿಜವಾಗಿಯೂ ಬೀಳುತ್ತಿತ್ತು. ಇಂಜೆಕ್ಷನ್ ಕಾರಿನಲ್ಲಿ ಕಂಪ್ಯೂಟರ್ ಬಂದ ಗಾಳಿಗೆ ತಕ್ಕಷ್ಟೇ ಪೆಟ್ರೋಲ್ ಕೊಡುತ್ತದೆ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿತು. ಇಂಜೆಕ್ಷನ್ ಕಾರುಗಳಲ್ಲಿ ಕಟ್ಟಿದ ಫಿಲ್ಟರಿನಿಂದ ಪಿಕಪ್ ಕಡಿಮೆಯಾಯಿತು, ಮೈಲೇಜಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಫಿಲ್ಟರ್ ಬದಲಾಯಿಸಿ, ಎಂಜಿನ್ನಿಗೆ ಒಳ್ಳೆಯದು. ಮೈಲೇಜಿನ ಆಸೆಯಿಂದ ಬೇಡ.

ಎಂಜಿನ್ ಎಷ್ಟು ಬಿಸಿಯಾಗುತ್ತದೆ ನೋಡಿ

ಇಲ್ಲಿ ನಮ್ಮ ಕಳ್ಳ ಸಿಕ್ಕಿದ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ ತಣ್ಣಗಿರುತ್ತದೆ. ತಣ್ಣಗಿನ ಗೋಡೆ ಮೇಲೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೆ ಕಾರಿನ ಕಂಪ್ಯೂಟರ್ ಬೇಕಂತಲೇ ಜಾಸ್ತಿ ಪೆಟ್ರೋಲ್ ಬಿಡುತ್ತದೆ, ಐಡ್ಲಿಂಗ್ ಏರಿಸಿ ಇಡುತ್ತದೆ. ಎಂಜಿನ್ ಬಿಸಿಯಾದ ಮೇಲೆ ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ಮಾತು ಕೇಳಿ ಪೆಟ್ರೋಲನ್ನು ಹದ ಮಾಡುತ್ತದೆ. ಈ ಎರಡನೇ ಸ್ಥಿತಿಗೆ ಕ್ಲೋಸ್ಡ್ ಲೂಪ್ ಅಂತ ಹೆಸರು. ಮೊದಲನೆಯದು ಓಪನ್ ಲೂಪ್. ಬಿಸಿಯಾಗಿದೆಯೋ ಇಲ್ಲವೋ ಅಂತ ತಿಳಿಸುವುದು ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ನೀರಿನ, ಬಿಸಿ ಅಳೆಯುವ ಕೂಲಂಟ್ ಸೆನ್ಸರ್. ಕಂಪ್ಯೂಟರಿಗೆ ಅದರ ಮಾತೇ ವೇದವಾಕ್ಯ.

ಅಂದರೆ ಎಂಜಿನ್ ಬಿಸಿಯೇ ಆಗದಿದ್ದರೆ ಅಥವಾ ಸೆನ್ಸರ್ ಸುಳ್ಳು ಹೇಳಿದರೆ, ಕಾರು ದಿನವಿಡೀ ಬೆಳಗಿನ ಸ್ಟಾರ್ಟಿಂಗ್ ಥರವೇ ಓಡುತ್ತದೆ.

ಕಾರಿನ ಕಂಪ್ಯೂಟರ್ ಹೇಳುವುದನ್ನು ಫೋನಿನಲ್ಲಿ ತೋರಿಸುವ ಎಂಟುನೂರು ರೂಪಾಯಿಯ ಬ್ಲೂಟೂತ್ ಇಎಲ್‌ಎಂ327 ಸ್ಕ್ಯಾನರ್ ತಂದು ಸ್ಟೇರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿದೆ. ಎಲ್ಲ ಹಳೇ ಕಾರಿನ ಜೊತೆ ಇದು ಮಾತಾಡುವುದಿಲ್ಲ. ಬಿಎಸ್ 4 (ಹೊಗೆ ಮಿತಿಯ ನಿಯಮ) ಕಾರುಗಳಿಗೆ 2010ರ ಏಪ್ರಿಲ್‌ನಿಂದ ಓಬಿಡಿ, ಅಂದರೆ ಕಾರು ತನ್ನ ದೋಷವನ್ನು ತಾನೇ ಹೇಳುವ ವ್ಯವಸ್ಥೆ, ಕಡ್ಡಾಯವಾಯಿತು. ಅದರ ಎರಡನೇ ಹಂತ ಬಂದದ್ದು 2013ರಲ್ಲಿ. ನಮ್ಮದರಲ್ಲಿ ಅದೃಷ್ಟಕ್ಕೆ ಕನೆಕ್ಟ್ ಆಯಿತು. ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡು ರಸ್ತೆಯಲ್ಲಿ ಹೊರಟೆ. ನಾನು ಓಡಿಸುವುದು, ಅವನು ಫೋನ್ ನೋಡಿ ಓದುವುದು. ಓಡಿಸುತ್ತ ನೀವೇ ಫೋನ್ ನೋಡಬೇಡಿ.

ಇಪ್ಪತ್ತೈದು ನಿಮಿಷ ಆದ ಮೇಲೆ ಕೂಲಂಟ್ 58 ಡಿಗ್ರಿ. ಹೊರಗೆ ಬಿಸಿಲು ಸುಡುತ್ತಿದೆ, ಎಂಜಿನ್ ಮಾತ್ರ ತಣ್ಣಗೆ ಕೂತಿದೆ! ಸಿಗ್ನಲ್‌ನಲ್ಲಿ ನಿಂತರೆ ನಿಧಾನಕ್ಕೆ 71ಕ್ಕೆ ಏರುತ್ತದೆ. ಮತ್ತೆ ಗಾಳಿ ಹೊಡೆದರೆ 60. ಐಡ್ಲಿಂಗ್, ಅಂದರೆ ಕಾರು ನಿಂತಾಗ ಎಂಜಿನ್ ತಿರುಗುವ ವೇಗ, ನಿಮಿಷಕ್ಕೆ 1,050 ಸುತ್ತು, ಇರಬೇಕಾದದ್ದು 800ರ ಹತ್ತಿರ. ತಮ್ಮ ಇನ್ನೊಂದು ಸಾಲು ಓದಿದ. ಫ್ಯುಯೆಲ್ ಸಿಸ್ಟಮ್ ಸ್ಟೇಟಸ್: ಓಪನ್ ಲೂಪ್, ಕಾರಣ ಎಂಜಿನ್ ಸಾಕಷ್ಟು ಬಿಸಿಯಾಗಿಲ್ಲ.

"ಇನ್ನೇನ್ ಬೇಕೋ, ಅದೇ ಬಾಯಿಬಿಟ್ಟು ಹೇಳ್ತಿದೆಯಲ್ಲ" ಅಂದ.

ಆರೋಗ್ಯವಾಗಿರುವ ಎಂಜಿನ್ ಹತ್ತು ಹದಿನೈದು ನಿಮಿಷದಲ್ಲಿ 80 ದಾಟಿ, 80ರಿಂದ 95ರ ನಡುವೆ ನಿಲ್ಲಬೇಕು. ನಿಮ್ಮಲ್ಲಿ ಸ್ಕ್ಯಾನರ್ ಇಲ್ಲದಿದ್ದರೂ ಪರವಾಗಿಲ್ಲ. ಡ್ಯಾಶ್‌ಬೋರ್ಡಿನ ಬಿಸಿ ಮುಳ್ಳು ನೋಡಿ. ಹೈವೇಯಲ್ಲಿ ಇಳಿದು ಟ್ರಾಫಿಕ್ಕಿನಲ್ಲಿ ಏರುತ್ತಿದ್ದರೆ ಇದೇ ಕಥೆ. ಮುಳ್ಳು ಇಲ್ಲದ ಕಾರಾದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿ ರೇಡಿಯೇಟರಿಗೆ ಹೋಗುವ ಮೇಲಿನ ಹೋಸ್ ಮುಟ್ಟಿ. ಹಲವು ನಿಮಿಷ ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾದರೆ ಸರಿ. ಮೊದಲ ನಿಮಿಷದಿಂದಲೇ ಎಂಜಿನ್ ಜೊತೆಗೇ ಬೆಚ್ಚಗಾಗುತ್ತ ಹೋದರೆ ರೇಡಿಯೇಟರಿಗೆ ನೀರು ಬಿಡುವ ವಾಲ್ವ್, ಅಂದರೆ ಥರ್ಮೋಸ್ಟ್ಯಾಟ್, ತೆರೆದೇ ಇದೆ. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ಕೆಳಗಿನ ಹೋಸಿನ ಕಡೆ ಇರುತ್ತದೆ, ಅಲ್ಲಿ ಕೆಳಗಿನದನ್ನು ಮುಟ್ಟಬೇಕು. ಪಂಚೆ, ದುಪಟ್ಟಾ, ಸಡಿಲ ತೋಳು ಯಾವುದೂ ಬೆಲ್ಟ್ ಹಾಗೂ ಫ್ಯಾನಿನ ಹತ್ತಿರ ಬರಬಾರದು.

ಥರ್ಮೋಸ್ಟ್ಯಾಟ್ ಅಂದರೆ ಒಳಗೆ ಮೇಣ ತುಂಬಿದ ಪುಟ್ಟ ವಾಲ್ವ್. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡುವುದಿಲ್ಲ. ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ. ಎಷ್ಟು ಡಿಗ್ರಿಗೆ ಅಂತ ಅದರ ಮೇಲೇ ಅಚ್ಚಾಗಿರುತ್ತದೆ. ನಮ್ಮ ಕಾರಿಗೆ 82ರದು.

ಮರುದಿನ ಎಂಜಿನ್ ಪೂರ್ತಿ ತಣ್ಣಗಿರುವಾಗ ನನಗೆ ಪರಿಚಯದ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೌಸಿಂಗ್ ಬಿಚ್ಚಿಸಿದೆ. ಒಳಗೆ ಬರೀ ಗೂಡು. ವಾಲ್ವ್ ಇಲ್ಲ.

ಮೊದಲು ಕೆಲಸ ಮಾಡಿದ ಗ್ಯಾರೇಜಿಗೆ ಹೋಗಿ ಕೇಳಿದೆ. ಅವರು ಮುಚ್ಚಿಡಲಿಲ್ಲ. "ತೆಗೆದಿದ್ದು ನಾನೇ ಸಾರ್. ಅದು ಚಳಿ ದೇಶಕ್ಕೆ ಬೇಕಾಗೋದು. ನಮ್ಮ ಸೆಕೆಗೆ ಯಾಕೆ ಸಾರ್? ತೆಗೆದ್ರೆ ಎಂಜಿನ್ ಯಾವಾಗ್ಲೂ ಕೂಲಾಗಿರುತ್ತೆ."

ಮೋಸ ಮಾಡಬೇಕು ಅಂತ ಮಾಡಿದ್ದಲ್ಲ. ನಮ್ಮ ಕಡೆ ಎಷ್ಟೋ ಮೆಕ್ಯಾನಿಕ್‌ಗಳು ಹೀಗೇ ನಂಬಿದ್ದಾರೆ. ಕಾರ್ಬುರೇಟರ್ ಕಾರಿನಲ್ಲಿ ಬಿಸಿ ನೋಡಿ ಪೆಟ್ರೋಲ್ ಕೊಡುವ ಕಂಪ್ಯೂಟರ್ ಇರಲಿಲ್ಲ, ನಷ್ಟ ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ. ಇಂಜೆಕ್ಷನ್ ಕಾರಿನಲ್ಲಿ ಹಾಗಲ್ಲ. ಎಂಜಿನ್ ಆಯಿಲ್ ದಪ್ಪವಾಗೇ ಉಳಿಯುತ್ತದೆ. ಉರಿಯದ ಪೆಟ್ರೋಲ್ ಪಿಸ್ಟನ್ ಪಕ್ಕದಿಂದ ಇಳಿದು ಆಯಿಲ್‌ಗೆ ಸೇರುತ್ತದೆ. ಇನ್ನೊಂದು ವಿಚಿತ್ರ ಅಂದರೆ, ರೇಡಿಯೇಟರ್ ತಪ್ಪಿಸಿ ನೀರು ಸುತ್ತುವ ಬೈಪಾಸ್ ದಾರಿ ಮುಚ್ಚುವ ಕೆಲಸವನ್ನೂ ಥರ್ಮೋಸ್ಟ್ಯಾಟೇ ಮಾಡುವ ಎಂಜಿನ್ನುಗಳಿವೆ. ಅಂಥದರಲ್ಲಿ ಅದನ್ನು ಕಿತ್ತರೆ ಅರ್ಧ ನೀರು ರೇಡಿಯೇಟರಿಗೆ ಹೋಗದೆ ಸುತ್ತುತ್ತಿರುತ್ತದೆ, ಕಾರು ಇನ್ನೂ ಜಾಸ್ತಿ ಹೀಟ್ ಆಗಬಹುದು.

ವಾಪಸ್ ಹಾಕುವ ಮೊದಲು

ಹೊಸ ಥರ್ಮೋಸ್ಟ್ಯಾಟ್ ತಂದು ಹಾಗೇ ಕೂರಿಸಬೇಡಿ. ಮೊದಲು ಅದನ್ನು ಯಾಕೆ ತೆಗೆದರು ಅಂತ ಕೇಳಿಕೊಳ್ಳಿ. ಏಪ್ರಿಲ್‌ನಲ್ಲಿ ಕಾರು ನಿಜವಾಗಿಯೂ ಹೀಟ್ ಆಗಿತ್ತಲ್ಲ? ಆ ಕಾರಣ ಇನ್ನೂ ಹಾಗೇ ಇದ್ದರೆ ವಾಲ್ವ್ ಹಾಕಿದ ದಿನವೇ ಮತ್ತೆ ನಿಲ್ಲುತ್ತದೆ. ಆಗ ಹೆಡ್ ಗ್ಯಾಸ್ಕೆಟ್ ಹೋದರೆ ಉಳಿಸಿದ ಪೆಟ್ರೋಲ್ ದುಡ್ಡೆಲ್ಲ ಅಲ್ಲಿಗೇ ಸುರಿಯಬೇಕು.

ನಾವು ರೇಡಿಯೇಟರ್ ಫ್ಯಾನ್ ನೋಡಿದೆವು. ಬ್ಯಾಟರಿಯಿಂದ ನೇರ ಕರೆಂಟ್ ಕೊಟ್ಟರೆ ತಿರುಗುತ್ತಿತ್ತು. ಅದಕ್ಕೆ ಕರೆಂಟ್ ಹಾಯಿಸುವ ಸ್ವಿಚ್ಚು, ಅಂದರೆ ರಿಲೇ, ಸುಟ್ಟಿತ್ತು. ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಹೀಟ್ ಆಗುತ್ತಿದ್ದದ್ದು ಅದಕ್ಕೇ. ಓಡುವಾಗ ಗಾಳಿ ಇರುತ್ತದೆ, ನಿಂತಾಗ ಫ್ಯಾನೇ ಗತಿ. ಮುನ್ನೂರು ರೂಪಾಯಿಯ ರಿಲೇ ಬದಲಾಯಿಸಿದ್ದರೆ ಏಪ್ರಿಲ್‌ನಲ್ಲೇ ಮುಗಿಯುತ್ತಿತ್ತು.

ಹೊಸ ಥರ್ಮೋಸ್ಟ್ಯಾಟನ್ನು ಹಾಕುವ ಮೊದಲು ಬಿಸಿನೀರಿನಲ್ಲಿ ಪರೀಕ್ಷಿಸಿದೆವು. ದಾರಕ್ಕೆ ಕಟ್ಟಿ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಇಟ್ಟು ಕಾಯಿಸಿದರೆ 82ರ ಹತ್ತಿರ ಬಾಯಿ ತೆರೆಯಬೇಕು. ಹಳೆಯದನ್ನು ಪರೀಕ್ಷೆ ಮಾಡುವುದಾದರೆ ಅಡುಗೆಮನೆ ಪಾತ್ರೆ ಬೇಡ. ಕೂಲಂಟ್ ವಿಷ. ಕೆಳಗೆ ಚೆಲ್ಲಿದ ಕೂಲಂಟ್ ಸಿಹಿ ರುಚಿ ಇರುತ್ತದೆ, ನಾಯಿ ಬೆಕ್ಕು ನೆಕ್ಕಿ ಸಾಯುತ್ತವೆ. ತೊಳೆದು ಹಾಕಿ. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆಯುವುದಂತೂ ಬೇಡವೇ ಬೇಡ.

ನಿಮ್ಮ ಕಾರಿನಲ್ಲಿ ಬಿಸಿ ಸರಿಯಾಗಿದ್ದರೆ

ಎಂಜಿನ್ ನಿಜವಾಗಿ ಬಿಸಿಯಿದ್ದು ಕಂಪ್ಯೂಟರ್ ಮಾತ್ರ ತಣ್ಣಗಿದೆ ಅಂದುಕೊಂಡಿದ್ದರೆ ಕೂಲಂಟ್ ಸೆನ್ಸರ್ ನೋಡಿ. ಕನೆಕ್ಟರ್ ಕಳಚಿ ಮಲ್ಟಿಮೀಟರ್‌ನಲ್ಲಿ ಓಮ್ ಅಳೆಯಿರಿ. ಬಹುತೇಕ ಸೆನ್ಸರ್‌ಗಳು 20 ಡಿಗ್ರಿಯಲ್ಲಿ 2ರಿಂದ 3 ಸಾವಿರ ಓಮ್, 80ರಲ್ಲಿ ಸುಮಾರು 300 ಓಮ್ ತೋರಿಸುತ್ತವೆ. ಬಿಸಿಯಾದಷ್ಟೂ ಕಡಿಮೆ. ಹಸಿರು ಕಿಲುಬು ಹಿಡಿದ ಕನೆಕ್ಟರ್ ಕೂಡ ಓಮ್ ಏರಿಸಿ ಸುಳ್ಳು ಹೇಳಿಸುತ್ತದೆ. ಸೆನ್ಸರ್ ಕೊಳ್ಳುವ ಮೊದಲು ಅದನ್ನು ಉಜ್ಜಿ ನೋಡಿ.

ಅದೂ ಸರಿ ಇದ್ದರೆ ಆಕ್ಸಿಜನ್ ಸೆನ್ಸರ್. ಬಿಸಿ ಎಂಜಿನ್ನಿನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಬಿಡದೆ ಉಯ್ಯಾಲೆ ಆಡುತ್ತಿರಬೇಕು. ಕೆಳಗೇ ಅಂಟಿಕೊಂಡು, ಪ್ಲಗ್ ಮಾತ್ರ ಕಪ್ಪಾಗಿದ್ದರೆ ಸೆನ್ಸರ್ ತಪ್ಪು ಹೇಳುತ್ತಿದೆ. ಆದರೆ ತಪ್ಪು ಅದರದ್ದೇ ಆಗಿರಬೇಕಿಲ್ಲ. ಸೆನ್ಸರಿಗಿಂತ ಮುಂಚೆ ಸೈಲೆನ್ಸರ್ ಗ್ಯಾಸ್ಕೆಟ್ ಸೀಳಿದ್ದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಆಕ್ಸಿಜನ್ ಜಾಸ್ತಿ ಕಂಡ ಸೆನ್ಸರ್ ಪೆಟ್ರೋಲ್ ಕಡಿಮೆಯಿದೆ ಅನ್ನುತ್ತದೆ, ಕಂಪ್ಯೂಟರ್ ಇನ್ನಷ್ಟು ಸುರಿಯುತ್ತದೆ. ತಣ್ಣಗಿನ ಸ್ಟಾರ್ಟಿಂಗ್‌ನಲ್ಲಿ ಮುಂದಿನಿಂದ ಟಪಟಪ ಸದ್ದು ಬಂದರೆ ಮೊದಲು ಗ್ಯಾಸ್ಕೆಟ್ ಹುಡುಕಿ. ಇಂಥ ಎಷ್ಟೋ ಕಾರುಗಳಿಗೆ ಸುಮ್ನೆ ಹೊಸ ಸೆನ್ಸರ್ ಹಾಕಿಸಿಕೊಂಡು ಬಂದಿರುತ್ತಾರೆ.

ಇಂಜೆಕ್ಟರ್ ರೈಲಿನ ಮೇಲೆ ಪ್ರೆಶರ್ ರೆಗ್ಯುಲೇಟರ್ ಇರುವ ಹಳೇ ಕಾರಾದರೆ ಅದರ ಸಣ್ಣ ವ್ಯಾಕ್ಯೂಮ್ ಪೈಪ್ ಕಳಚಿ ನೋಡಿ. ಒಳಗೆ ಪೆಟ್ರೋಲ್ ಹಸಿ ಇದ್ದರೆ ರೆಗ್ಯುಲೇಟರ್ ಒಳಗಿನ ಪೊರೆ ಹರಿದಿದೆ.

ಆ ಇನ್ನೊಂದು ಕಿಲೋಮೀಟರ್

ರಿಲೇ, ಥರ್ಮೋಸ್ಟ್ಯಾಟ್, ಗ್ಯಾಸ್ಕೆಟ್, ಹೊಸ ಕೂಲಂಟ್, ಪೆಟ್ರೋಲ್ ಬೆರೆತಿದ್ದ ಆಯಿಲ್ ಬದಲಾವಣೆ. ಒಟ್ಟು 3,400 ರೂಪಾಯಿ ಆಯಿತು. ಪ್ಲಗ್ಗುಗಳನ್ನು ಒರೆಸಿ ಅವನ್ನೇ ಹಾಕಿದೆವು. ನಂಜನಗೂಡು ರಸ್ತೆಯಲ್ಲಿ ಈ ಸಲ 86 ಡಿಗ್ರಿ, ಕ್ಲೋಸ್ಡ್ ಲೂಪ್, ಐಡ್ಲಿಂಗ್ 810. ಎರಡು ಟ್ಯಾಂಕಿನ ಸರಾಸರಿ 14.8.

ಅಪ್ಪ ಪುಸ್ತಕದ ಹಳೇ ಪುಟ ತಿರುವಿ ಕೇಳಿದರು. "ಮೊದ್ಲು 16 ಬರ್ತಿತ್ತಲ್ಲೋ. ಇನ್ನೊಂದು ಎಲ್ಲಿ ಹೋಯ್ತು?"

ಅದು ಆ ನಿಧಾನದ ಇಳಿತ. ಬಹುಪಾಲು ಇಂಧನದ್ದು. ಈಗ ಬಂಕಿನಲ್ಲಿ ಸಿಗುವುದು ಇ20, ಅಂದರೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲಷ್ಟೇ ಶಕ್ತಿ. ಹಾಗಾಗಿ ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಇ20ಯಲ್ಲಿ ಶೇಕಡಾ 6ರಿಂದ 7ರಷ್ಟು ಶಕ್ತಿ ಕಡಿಮೆ. ನೀತಿ ಆಯೋಗದ 2021ರ ವರದಿಯೂ ಹಳೇ ಮಾದರಿಯ ಕಾರುಗಳಿಗೆ ಮೈಲೇಜ್ ಇಷ್ಟೇ ಇಳಿಯುತ್ತದೆ ಅಂತ ಅಂದಾಜು ಮಾಡಿತ್ತು. 16ರಲ್ಲಿ ಶೇಕಡಾ 6 ಕಳೆದರೆ 15. ಎಥೆನಾಲ್ ಒಳಗೇ ಆಕ್ಸಿಜನ್ ಇರುವುದರಿಂದ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಬಿಡಬೇಕಾಗುತ್ತದೆ. ಸ್ಕ್ಯಾನರ್‌ನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಪ್ಲಸ್ 5ರ ಆಸುಪಾಸು ಕಂಡರೆ ಅದಕ್ಕೆ ಗಾಬರಿ ಬೇಡ. ಪ್ಲಸ್ 10 ದಾಟಿದರೆ ಅಥವಾ ಮೈನಸ್ 10ಕ್ಕಿಂತ ಕೆಳಗೆ ಹೋದರೆ ಬೇರೇನೋ ಇದೆ.

ಇ20ಯಿಂದ ಲೀಟರಿಗೆ ಒಂದು ಕಿಲೋಮೀಟರ್ ಹೋಗಬಹುದು, ಮೂರು ಹೋಗುವುದಿಲ್ಲ. ಯಾರಾದರೂ ಮೂರನ್ನೂ ಎಥೆನಾಲ್ ತಲೆಗೆ ಕಟ್ಟಿದರೆ ಬಾನೆಟ್ ತೆಗೆಯಲು ಸೋಮಾರಿತನ ಅಂತಲೇ ಲೆಕ್ಕ.

ಉಳಿದ ಚೂರು ಸವೆದ ಟೈರು, ಹೆಚ್ಚಿದ ಸಿಗ್ನಲ್ಲು, ಹದಿನಾಲ್ಕು ವರ್ಷದ ಎಂಜಿನ್. ಅಪ್ಪನಿಗೆ ಇದನ್ನೆಲ್ಲ ವಿವರಿಸಿದೆ. ಅರ್ಧ ಒಪ್ಪಿದರು. ಆಮೇಲೆ ಸ್ಕೇಲ್ ಇಟ್ಟು ಪುಸ್ತಕದಲ್ಲಿ ಹೊಸ ಕಾಲಂ ಎಳೆದರು. ತಲೆಬರಹ: "ಗ್ಯಾರೇಜಿನವರು ಬಿಚ್ಚಿದ್ದು, ವಾಪಸ್ ಹಾಕಿದ್ದು."